ಲಾಭ, ಎರಡು, ಮೂರು

ಆಗಸ್ಟ್ ಹನ್ನೆರಡು, ಮಂಗಳವಾರ, ಬೆಳಿಗ್ಗೆ ಎಂಟು ಇಪ್ಪತ್ತು. ಸ್ಮೃತಿ ಅಡಿಗ ಎಂಬ ಮೂವತ್ತನಾಲ್ಕು ವರ್ಷದ ಶಿಕ್ಷಕಿ ಮನುಕಾವ್ ಪೊಲೀಸ್ ಠಾಣೆಗೆ ಬಂದು, ತನ್ನ ಹೆಸರಿನಲ್ಲಿ ಬೇರೆ ಯಾರೋ ಶಾಲೆಯಲ್ಲಿ ಪಾಠ ಮಾಡಿದ್ದಾರೆ ಎಂದು ದೂರು ಕೊಟ್ಟಳು.

ಕೌಂಟರಿನ ಸಿಬ್ಬಂದಿ ಏನು ಕಳುವಾಗಿದೆ ಎಂದು ಎರಡು ಸಲ ಕೇಳಿದರು. ಎರಡು ಸಲವೂ ಅವಳು "ನನ್ನ ಹೆಸರು" ಎಂದಳು. ಪ್ರಕರಣ ಡಿಟೆಕ್ಟಿವ್ ಕಾನ್‌ಸ್ಟೆಬಲ್ ನವ್ಯಾ ಹಿರೇಮಠಳ ಮೇಜಿಗೆ ಬಂತು. ಧಾರವಾಡದಿಂದ ಈ ದೇಶಕ್ಕೆ ಓದಲು ಬಂದು ಇಲ್ಲಿಯೇ ಪೊಲೀಸ್ ಇಲಾಖೆ ಸೇರಿದವಳು ನವ್ಯಾ. ಕೊಠಡಿಯ ಬಾಗಿಲು ಮುಚ್ಚಿ ಕನ್ನಡದಲ್ಲೇ ವಿಚಾರಣೆ ಆರಂಭಿಸಿದಳು.

"ಮೊದಲಿಂದ ಹೇಳಿ."

"ಬೆಂಗಳೂರಲ್ಲಿ ಒಂಬತ್ತು ವರ್ಷ ಟೀಚರ್ ಆಗಿದ್ದೆ ಮೇಡಂ. ಇಲ್ಲಿ ಮಾಸ್ಟರ್ಸ್ ಮುಗಿಸ್ದೆ, ರಿಜಿಸ್ಟ್ರೇಶನ್ ಆಯ್ತು. ಎಷ್ಟೋ ಕಡೆ ಅಪ್ಲೈ ಮಾಡಿದ್ಮೇಲೆ ಇಲ್ಲೊಂದು ಪ್ರೈಮರಿ ಸ್ಕೂಲ್‌ನವರು ಒಪ್ಕೊಂಡ್ರು. ಆಫೀಸಲ್ಲಿ ನನ್ನ ರಿಜಿಸ್ಟ್ರೇಶನ್ ನಂಬರ್ ಹಾಕಿ ನೋಡಿದ್ರೆ, ಜೂನ್‌ನಲ್ಲೇ ನಾನು ಅಲ್ಲಿ ರಿಲೀವರ್ ಆಗಿದ್ದೆ ಅಂತ ಬಂತಂತೆ. ನಾನು ಆ ಸ್ಕೂಲ್ ಗೇಟೂ ನೋಡಿಲ್ಲ. ಇಂಟರ್‌ವ್ಯೂ ವಿಡಿಯೋದಲ್ಲೇ ಆಗಿದ್ದು, ಪ್ರಿನ್ಸಿಪಾಲ್ ಆಗ ರಜೆ ಮೇಲಿದ್ರು."

ಕಾಯಂ ಶಿಕ್ಷಕರು ರಜೆಯಲ್ಲಿದ್ದಾಗ ಅವರ ತರಗತಿ ನೋಡಿಕೊಳ್ಳುವವರನ್ನು ಇಲ್ಲಿ ರಿಲೀವರ್ ಎನ್ನುತ್ತಾರೆ.

"ಸ್ಕೂಲ್‌ನವರು ಏನಂತಾರೆ?"

"ಪೊಲೀಸರು ಹೇಳೋವರೆಗೂ ಆಫರ್ ಲೆಟರ್ ಕೊಡಲ್ಲ ಅಂತಾರೆ. ಸೆಪ್ಟೆಂಬರ್ ಐದಕ್ಕೆ ನನ್ನ ವೀಸಾ ಮುಗಿಯುತ್ತೆ. ಲೆಟರ್ ಇಲ್ದೆ ಹೊಸ ವೀಸಾಗೆ ಹಾಕಕ್ಕಾಗಲ್ಲ. ವಾಪಸ್ ಹೋಗ್ಬೇಕು."

"ಸರ್ಟಿಫಿಕೇಟ್ ಯಾರಿಗಾದ್ರೂ ಕೊಟ್ಟಿದ್ರಾ?"

"ಯಾರಿಗೂ ಇಲ್ಲ."

"ಯೋಚಿಸಿ ಹೇಳಿ."

"ಯಾರಿಗೂ ಇಲ್ಲ ಮೇಡಂ. ಕೊಟ್ಟಿದ್ರೆ ನಾನ್ಯಾಕೆ ಇಲ್ಲಿಗೆ ಬರ್ತಿದ್ದೆ? ಬರಕ್ಕೂ ಭಯ ಆಗಿತ್ತು. ಪರಿಚಯದ ಅಕ್ಕ ಒಬ್ರು, ಸುಮ್ನೆ ಅಳ್ತಾ ಕೂರಬೇಡ, ಪೊಲೀಸರ ಹತ್ರ ಹೋಗು ಅಂದ್ರು. ಎಫ್‌ಐಆರ್ ಕಾಪಿ ಸಿಗುತ್ತಾ?"

"ಇಲ್ಲಿ ಎಫ್‌ಐಆರ್ ಅಂತ ಇರಲ್ಲ. ಫೈಲ್ ನಂಬರ್ ಕೊಡ್ತೀನಿ."

ಆ ನಂಬರ್ ಬರೆದ ಚೀಟಿಯನ್ನು ಸ್ಮೃತಿ ನಾಲ್ಕು ಮಡಿಕೆ ಮಾಡಿ ಪಾಸ್‌ಪೋರ್ಟಿನ ಒಳಗಿಟ್ಟುಕೊಂಡಳು.

ಮರುದಿನ ನವ್ಯಾ, ರಿಲೀವರ್‌ಗಳನ್ನು ಶಾಲೆಗಳಿಗೆ ಕಳಿಸುವ ಏಜೆನ್ಸಿಗೆ ಹೋದಳು. ಅಲ್ಲಿನ ವ್ಯವಸ್ಥಾಪಕ ಕೊಟ್ಟ ಹೇಳಿಕೆ ಚಿಕ್ಕದು. ಇಲ್ಲಿ ಜೂನ್ ಅಂದರೆ ಚಳಿಗಾಲ, ಫ್ಲೂ ಕಾಲ, ಶಾಲೆಗಳಿಂದ ಬೆಳಿಗ್ಗೆ ಆರಕ್ಕೇ ಫೋನು. ಸ್ಮೃತಿ ಎಂದು ಹೇಳಿಕೊಂಡ ಹೆಂಗಸು ಫೋನಿನಲ್ಲಿ ಚೆನ್ನಾಗಿ ಮಾತಾಡಿದಳು, ಮಿಂಚಂಚೆಯಲ್ಲಿ ಎಲ್ಲ ಪ್ರಮಾಣಪತ್ರ ಕಳಿಸಿದಳು. ಅವೆಲ್ಲ ಅಸಲಿಯೇ. ಮುಖ ನೋಡುವ ಕೆಲಸ ಶಾಲೆಯದು ಎಂದು ಏಜೆನ್ಸಿ ತಿಳಿದಿತ್ತು. ಏಜೆನ್ಸಿ ನೋಡಿರುತ್ತದೆ ಎಂದು ಶಾಲೆ ತಿಳಿದಿತ್ತು. ಆಕೆ ಕೊಟ್ಟಿದ್ದ ಫೋನ್ ನಂಬರು ಪ್ರೀಪೇಯ್ಡ್. ಈಗ ಸ್ವಿಚ್ ಆಫ್.

ಸಂಬಳ ಯಾವ ಖಾತೆಗೆ ಹೋಗಿದೆ ಎಂಬ ಮಾಹಿತಿ ಗುರುವಾರ ಬ್ಯಾಂಕಿನಿಂದ ಬಂತು. ನವ್ಯಾಳ ಮೇಲಧಿಕಾರಿ ಡಿಟೆಕ್ಟಿವ್ ಸಾರ್ಜೆಂಟ್ ಟೆವಿತಾ ಅದನ್ನು ಓದಿ, ಹಾಳೆಯನ್ನು ನವ್ಯಾಳ ಕಡೆ ತಳ್ಳಿದರು. ಖಾತೆ ಸ್ಮೃತಿಯದೇ. ವಿದ್ಯಾರ್ಥಿಯಾಗಿದ್ದಾಗ ತೆರೆದದ್ದು. ಬಂದ ಸಂಬಳವನ್ನು ಯಾರೂ ಮುಟ್ಟಿರಲಿಲ್ಲ.

"ಸರ್ಟಿಫಿಕೇಟು ಅವಳದು, ವಿಳಾಸ ಅವಳದು, ಖಾತೆ ಅವಳದು," ಎಂದರು ಟೆವಿತಾ. "ಹೆಸರನ್ನು ಬಾಡಿಗೆಗೆ ಕೊಟ್ಟಳು. ಸಿಕ್ಕಿಬೀಳುವ ಹೊತ್ತಿಗೆ ತಾನೇ ಬಂದು ದೂರು ಕೊಟ್ಟಳು. ಹಾಗೆ ಕಾಣೋದಿಲ್ಲವೇ?"

"ಕಾಣುತ್ತದೆ," ಎಂದಳು ನವ್ಯಾ. "ಆದರೆ ಬಾಡಿಗೆಗೆ ತೆಗೆದುಕೊಂಡವಳಿಗೆ ಏನು ಸಿಕ್ಕಿತು?"

"ಸೋಮವಾರದವರೆಗೆ ಸಮಯ. ಆಮೇಲೆ ಅವಳನ್ನು ಆರೋಪಿ ಎಂದೇ ಕೂರಿಸೋಣ."

ನವ್ಯಾ ಫೋನ್ ಮಾಡಿದಾಗ ಸ್ಮೃತಿಗೆ ಆ ಖಾತೆಯ ನೆನಪೇ ಇರಲಿಲ್ಲ.  "ಮೇಡಂ, ಇದರಿಂದ ನನ್ನನ್ನೇ ಹಿಡೀತೀರಾ?" ಎಂದಳು. ನವ್ಯಾ ಆ ಮಾತನ್ನೂ ಫೈಲಿನಲ್ಲಿ ಬರೆದುಕೊಂಡಳು. 

ಶುಕ್ರವಾರ ನವ್ಯಾ ಮತ್ತು ಟೆವಿತಾ ಶಾಲೆಗೆ ಹೋದರು. ಗೇಟಿನ ಕ್ಯಾಮೆರಾದಲ್ಲಿ ಜೂನ್ ತಿಂಗಳ ದೃಶ್ಯಗಳು ಉಳಿದಿರಲಿಲ್ಲ. ಬಂದಿದ್ದವಳಿಗೆ ನಲವತ್ತು ದಾಟಿತ್ತು, ಕುಳ್ಳಗಿದ್ದಳು, ಕನ್ನಡಕ ಇತ್ತು ಎಂದು ಪ್ರಾಂಶುಪಾಲೆ ನೆನಪಿಸಿಕೊಂಡರು.

"ಪಾಠ ಹೇಗಿತ್ತು?" ನವ್ಯಾ ಕೇಳಿದಳು.

ಪ್ರಾಂಶುಪಾಲೆ ಮುಜುಗರದಿಂದ ಟೆವಿತಾ ಅವರತ್ತ ನೋಡಿದರು. "ನಿಜ ಹೇಳಬೇಕೆಂದರೆ, ಈ ವರ್ಷ ಬಂದ ರಿಲೀವರ್‌ಗಳಲ್ಲಿ ಅವಳೇ ಉತ್ತಮ. ಅವಳನ್ನೇ ಕಳಿಸಿ ಎಂದು ನಾನೇ ಏಜೆನ್ಸಿಗೆ ಎರಡು ಸಲ ಕೇಳಿದ್ದೆ."

ಆಕೆ ಪಾಠ ಮಾಡಿದ ಕೋಣೆಯಲ್ಲಿ ಎಂಟು ವರ್ಷದ ಮಕ್ಕಳು ಅಳತೆಯ ಪಾಠದಲ್ಲಿದ್ದರು. ಟಬ್ಬಿನಿಂದ ಲೋಟದಲ್ಲಿ ನೀರು ತುಂಬಿ ಬಕೆಟ್ಟಿಗೆ ಸುರಿಯುವುದು, ಎಷ್ಟು ಲೋಟ ಹಿಡಿಯಿತು ಎಂದು ಹೇಳುವುದು. ಮೊದಲ ಲೋಟ ಸುರಿದ ಹುಡುಗಿ ಗಟ್ಟಿಯಾಗಿ ಎಣಿಸಿದಳು.

"ಲಾಭ. ಟೂ. ತ್ರೀ. ಫೋರ್."

ನವ್ಯಾ ಬಾಗಿಲಲ್ಲೇ ನಿಂತಳು. ಪಕ್ಕದ ಟಬ್ಬಿನ ಹುಡುಗನೂ ಹಾಗೆಯೇ ಎಣಿಸುತ್ತಿದ್ದ.

"ಅದೇನು ಮೊದಲನೆಯದು?"

"ಅದಾ, ಸಮೋವನ್ ಭಾಷೆ ಇರಬೇಕು," ಎಂದರು ಪ್ರಾಂಶುಪಾಲೆ.

"ಸಮೋವನ್ ಅಲ್ಲ," ಎಂದರು ಸಮೋವಾ ಮೂಲದ ಸಹಾಯಕ ಶಿಕ್ಷಕಿ. "ಟೋಂಗನ್ ಅಂದುಕೊಂಡಿದ್ದೆ."

"ನಮ್ಮದಲ್ಲ," ಎಂದರು ಟೋಂಗಾದ ಟೆವಿತಾ. ಮೂವರೂ ನವ್ಯಾಳ ಕಡೆ ತಿರುಗಿದರು.

ನವ್ಯಾ ಆ ಹುಡುಗಿಯ ಪಕ್ಕ ಮೊಣಕಾಲೂರಿ ಕುಳಿತಳು. "ಇದನ್ನು ಹೇಳಿಕೊಟ್ಟವರು ಯಾರು?"

"ಮಿಸ್ ಸ್ಮೃತಿ. ಅಳೆಯುವಾಗ ಮೊದಲನೆಯದಕ್ಕೆ ಒಂದು ಅನ್ನಬಾರದು. ಲಾಭ ಅಂದರೆ ಯಾವತ್ತೂ ಖಾಲಿ ಆಗಲ್ಲ."

ಧಾರವಾಡದ ಮನೆಯಲ್ಲಿ ನವ್ಯಾಳ ಅಜ್ಜಿ ಜೋಳ ಅಳೆಯುತ್ತಿದ್ದದ್ದೂ ಹೀಗೆಯೇ. ಈಗ ಆ ಮನೆಯಲ್ಲೇ ಯಾರೂ ಅಳೆಯುವುದಿಲ್ಲ, ಪ್ಯಾಕೆಟ್ ಬರುತ್ತದೆ.

ಅದೇ ಸಂಜೆ ಅವಳು ಸ್ಯಾಂಡ್ರಿಂಗಮ್ ಬಡಾವಣೆಯಲ್ಲಿ ಸ್ಮೃತಿ ಬಾಡಿಗೆಗಿದ್ದ ಕೋಣೆಗೆ ಹೋದಳು. ಅರ್ಧ ತುಂಬಿದ ಸೂಟ್‌ಕೇಸು ಮಂಚದ ಮೇಲೆ ತೆರೆದುಕೊಂಡಿತ್ತು. ಟೇಬಲ್ಲಿನ ಮೇಲೆ ರೈಸ್ ಕುಕ್ಕರ್.

"ಅಕ್ಕಿ ಅಳೆದು ಹಾಕುವಾಗ ಮೊದಲ ಲೋಟಕ್ಕೆ ಏನಂತೀರಿ?"

"ಒಂದು. ಯಾಕೆ ಮೇಡಂ?"

"ಲಾಭ ಅನ್ನೋರು ಯಾರನ್ನಾದ್ರೂ ನೋಡಿದೀರಾ?"

ಸ್ಮೃತಿ ನಗಲು ಹೋದಳು. ನಗು ಅರ್ಧಕ್ಕೇ ನಿಂತಿತು. ಮಂಚದ ಅಂಚಿನಲ್ಲಿ ಕುಳಿತಳು.

"ಇಲ್ಲ. ಅವರಲ್ಲ."

"ಯಾರಲ್ಲ?"

"ಬಂದ ಹೊಸದರಲ್ಲಿ ಆರು ತಿಂಗಳು ಅವರ ಮನೇಲಿದ್ದೆ. ಜ್ವರ ಬಂದಾಗ ಗಂಜಿ ಮಾಡಿ ಕುಡಿಸಿದ್ರು. ನನ್ನ ರಿಜಿಸ್ಟ್ರೇಶನ್ ಅರ್ಜಿನೂ ಅವರೇ ಕೂತು ತುಂಬಿಸಿದ್ದು, ಅವರ ಲ್ಯಾಪ್‌ಟಾಪಲ್ಲಿ." ಅಲ್ಲಿಗೆ ಬಂದು ತಾನು ಹೇಳಿದ್ದು ತನಗೇ ಕೇಳಿಸಿದಂತೆ ನಿಲ್ಲಿಸಿದಳು. "ಸರ್ಟಿಫಿಕೇಟು, ಬ್ಯಾಂಕ್ ಪೇಪರು, ಸ್ಕ್ಯಾನ್ ಎಲ್ಲ ಅದರಲ್ಲೇ ಇತ್ತು. ಅಳಿಸಿಲ್ಲ."

"ಹೆಸರು?"

ಕೆಳಗಿನ ರಸ್ತೆಯಲ್ಲಿ ಬಸ್ಸೊಂದು ಬಂದು ನಿಂತು ಹೊರಟುಹೋಯಿತು.

"ಪೊಲೀಸರ ಹತ್ರ ಹೋಗು ಅಂದಿದ್ದೂ ಅವರೇ ಮೇಡಂ," ಎಂದಳು ಸ್ಮೃತಿ. ಆಮೇಲೆ ಹೆಸರು ಹೇಳಿದಳು. ರತ್ನಾ ಗುರುರಾಜ್. ಈಗ ನ್ಯೂ ಲಿನ್ ಬಡಾವಣೆಯಲ್ಲಿ ಮನೆ.

ಶನಿವಾರ ಪ್ರಾಂಶುಪಾಲೆಯ ಮುಂದೆ ಎಂಟು ಹೆಂಗಸರ ಫೋಟೊ ಇಟ್ಟಾಗ, ಅವರು ತಡವರಿಸದೆ ನಾಲ್ಕನೆಯದರ ಮೇಲೆ ಬೆರಳಿಟ್ಟರು. ಅದು ಸ್ಮೃತಿಯ ಫೋನಿನಿಂದ ಪಡೆದ, ರತ್ನಾಳ ದೀಪಾವಳಿಯ ಫೋಟೊ.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ನವ್ಯಾ ಮತ್ತು ಟೆವಿತಾ ವಾರಂಟ್ ಹಿಡಿದು ನ್ಯೂ ಲಿನ್‌ಗೆ ಹೋದರು. ರತ್ನಾಳ ಗಂಡ ಕೆಲಸಕ್ಕೆ ಹೋಗಿದ್ದರು. ಬಾಗಿಲು ತೆಗೆದ ಹೆಂಗಸು ಟೆವಿತಾ ಅವರ ಗುರುತಿನ ಚೀಟಿ ನೋಡಿ ಪಕ್ಕಕ್ಕೆ ಸರಿದಳು.

"ಹೋದ ವಾರನ ಬರ್ತೀರಿ ಅನ್ಕೊಂಡಿದ್ದೆ," ಎಂದು ಇಂಗ್ಲಿಷಿನಲ್ಲಿ ಅಲ್ಲ, ನವ್ಯಾಳ ಮುಖ ನೋಡಿ ಕನ್ನಡದಲ್ಲಿ ಹೇಳಿದಳು. "ಯಾವ ಕಡೆಯವರ್ರಿ ನೀವು?"

"ಧಾರವಾಡ್ರಿ. ನೀವು ಏನೂ ಹೇಳಬೇಕಂತಿಲ್ಲ. ವಕೀಲರ ಜೋಡಿ ಮೊದಲ ಮಾತಾಡಬಹುದು."

"ಗೊತ್ತದ ಬಿಡ್ರಿ. ನಾ ಗದಗಿನಾಕಿ."

ಊರಿನಲ್ಲಾಗಿದ್ದರೆ ಪಂಚರನ್ನು ಕರೆದು ಪಂಚನಾಮೆ ಬರೆಯಬೇಕಿತ್ತು. ಇಲ್ಲಿ ಟೆವಿತಾ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿ ಮುದ್ರೆ ಒತ್ತಿದರು, ನವ್ಯಾ ಬರೆದುಕೊಂಡಳು. ಅಷ್ಟೇ. ರತ್ನಾಳನ್ನು ಬಂಧಿಸಿರುವುದಾಗಿ ತಿಳಿಸಿದಾಗ ಆಕೆ ಗ್ಯಾಸ್ ಆಫ್ ಮಾಡಿ ಬಂದಳು.

ವಕೀಲರ ಎದುರಿಗೆ ಕೊಟ್ಟ ಹೇಳಿಕೆಯಲ್ಲಿ ರತ್ನಾ ಏನನ್ನೂ ಮುಚ್ಚಿಡಲಿಲ್ಲ. ಗದಗಿನಲ್ಲಿ ಹತ್ತೊಂಬತ್ತು ವರ್ಷ ಗಣಿತ ಶಿಕ್ಷಕಿ. ಇಲ್ಲಿ ನೋಂದಣಿಗೆ ಬೇಕಾದ ಇಂಗ್ಲಿಷ್ ಪರೀಕ್ಷೆಯ ಬರವಣಿಗೆಯಲ್ಲಿ ಮೂರು ಸಲವೂ ಅರ್ಧ ಅಂಕ ಕಡಿಮೆ. ಸದ್ಯ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಕೆಲಸ. ಅಲ್ಲಿ ರಜೆಯಿದ್ದ ದಿನ ಶಾಲೆ.

"ಸಂಬಳ ಯಾಕ ಆಕಿ ಖಾತೇಕ್ಕ ಹಾಕಿಸಿದ್ರಿ?"

"ಹೆಸರು ಆಕೀದು. ಸಂಬಳನೂ ಆಕೀದನ ಅಲ್ಲೇನ್ರಿ? ನನಗ ಬೇಕಾಗಿದ್ದು ಬೋರ್ಡು, ಮುಂದ ನಾಕು ಮಕ್ಕಳು."

"ಅದರಿಂದ ಆಕೀನ ಸಿಕ್ಕಿಬೀಳ್ತಾಳ ಅಂತ ಅನ್ಸಲಿಲ್ಲ?"

ರತ್ನಾ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದಳು. "ಅದೇ ಸಾಲ್ಯಾಗ ನೌಕರಿ ಆತು ಅಂತ ಫೋನ್ ಮಾಡಿ ಕುಣದ್ಲು. ಆವತ್ತಽ ಸಿಮ್ ಮುರದು ಒಗದೆ. ಆಮ್ಯಾಲ ಅಳಕೋತ ಫೋನ್ ಮಾಡಿದ್ಲು. ನಾನಽ ಅಂತ ಹೇಳಾಕ ಬಾಯಿ ಬರಲಿಲ್ರಿ. ಪೊಲೀಸರ ಕಡೆ ಹೋಗು ಅಂದೆ. ಅಷ್ಟ ಹೇಳಾಕಾತು."

ಬೇರೆಯವರ ದಾಖಲೆಗಳನ್ನು ವಂಚನೆಯಿಂದ ಬಳಸಿದ ಆರೋಪವನ್ನು ನ್ಯಾಯಾಲಯದಲ್ಲಿ ಆಕೆ ಒಪ್ಪಿಕೊಂಡಳು. ಶಿಕ್ಷಕಿಯಾಗಿ ಈ ದೇಶದಲ್ಲಿ ನೋಂದಣಿ ಪಡೆಯುವ ದಾರಿ ಅಲ್ಲಿಗೆ ಮುಚ್ಚಿದಂತೆಯೇ.

ಸ್ಮೃತಿ ದೂರುದಾರಳು, ಆರೋಪಿಯಲ್ಲ ಎಂಬ ಪತ್ರವನ್ನು ಟೆವಿತಾ ರತ್ನಾಳನ್ನು ಬಂಧಿಸಿದ ವಾರವೇ ಶಾಲೆಗೆ ಕಳಿಸಿದ್ದರು. ವೀಸಾ ಮುಗಿಯುವ ಮೊದಲೇ ಅವಳ ಹೊಸ ಅರ್ಜಿ ಸಲ್ಲಿಕೆಯಾಯಿತು.

ಅಕ್ಟೋಬರ್ ಆರರಂದು, ಶಾಲಾ ವರ್ಷದ ನಾಲ್ಕನೇ ಟರ್ಮಿನ ಮೊದಲ ದಿನ, ಸ್ಮೃತಿ ಕೆಲಸಕ್ಕೆ ಸೇರಿದಳು. ಅವಳಿಗೆ ಸಿಕ್ಕಿದ್ದು ಅದೇ ಕೋಣೆ. ಆ ವಾರದ ಅಳತೆಯ ಪಾಠದಲ್ಲಿ ಮಕ್ಕಳು ಮೊದಲ ಲೋಟಕ್ಕೆ ಲಾಭ ಎಂದರು. ಅವಳು ಒನ್ ಎಂದು ತಿದ್ದಿದಳು. ಮಕ್ಕಳು ಮೊದಲಿನಿಂದ, ಒನ್ ಎಂದೇ, ಎಣಿಸಿದರು.