ಅಂಗಿಯ ಮಡಿಕೆಯಲ್ಲಿ ಹೋದ ರಿಪೋರ್ಟ್

ಹೆಂಗಸರ ತಪಾಸಣೆ ಕೋಣೆಯ ಮುಂದೆ ಹದಿನೇಳು ಹೆಂಗಸರು, ಒಬ್ಬ ಗಂಡಸು. ಹದಿನೆಂಟನೇ ನಂಬರಿನ ಚೀಟಿ ಹಿಡಿದು ಆತ ಬಲು ಗಂಭೀರವಾಗಿ ಕೂತಿದ್ದ.

ಆಸ್ಪತ್ರೆಗೆ ಕಾಲಿಟ್ಟ ಟೈಲರಮ್ಮ ಅವನನ್ನು ಕಂಡು ಬಾಗಿಲಲ್ಲೇ ನಿಂತಳು. 'ಅಯ್ಯೋ... ಇವರು ಇಲ್ಲಿ?'

ಈ ವಾಚ್ ರಿಪೇರಿಯವನ ಜೊತೆಗಿನ ಮದುವೆಯನ್ನು ನಾಲ್ಕು ದಿನದ ಹಿಂದಷ್ಟೇ, ಎರಡೇ ವಾರ ಉಳಿದಿರುವಾಗ, ಬೇಡವೆಂದಿದ್ದಳು. ಕಾರಣ ಹೇಳಿರಲಿಲ್ಲ. ಅವನಿಗೆಂದು ಹೊಲಿದ ಮದುವೆ ಅಂಗಿಯನ್ನು ಇಸ್ತ್ರಿ ಮಾಡಿ, ಮಡಿಕೆ ನಿಲ್ಲಲೆಂದು ಒಳಗೊಂದು ಕಾಗದವಿಟ್ಟು ಕಳಿಸಿಬಿಟ್ಟಿದ್ದಳು. ಅಳುತ್ತ ಮಾಡಿದ ಕೆಲಸ, ಯಾವ ಕಾಗದವೆಂದು ನೋಡಿರಲಿಲ್ಲ.

ಅವನು ಜೇಬಿನಿಂದ ಆ ಕಾಗದ ತೆಗೆದ. ಅವಳು ಮನೆಯೆಲ್ಲ ಹುಡುಕಿ ಸೋತಿದ್ದ ಎಚ್‌ಪಿವಿ ಸೋಂಕಿನ ರಿಪೋರ್ಟ್! ಇವತ್ತು ಮತ್ತೆ ತಪಾಸಣೆಗೆ ಬರಬೇಕೆಂದು ಅದರ ಮೇಲೇ ಬರೆದಿತ್ತು.

"ಓದಿದ್ರಾ?"

"ಓದಿದೆ. ವೈರಸ್ ಇದೆ ಅಂತ ಅರ್ಥ ಆಯ್ತು. ನನ್ನನ್ನ ಯಾಕೆ ಬಿಟ್ರಿ ಅಂತ ಅರ್ಥ ಆಗ್ಲಿಲ್ಲ."

'ಹೇಗೆ ಹೇಳಲಿ? ಮೊದಲ ಮದುವೆ ಮುರಿದು ಎಂಟು ವರ್ಷ. ಈಗ ದೇಹ ಸಂಬಂಧದಿಂದ ಹರಡುವ ಈ ಸೋಂಕು ಎಂದರೆ ಇವರು ನನ್ನ ಬಗ್ಗೆ ಏನಂದುಕೊಳ್ಳಬೇಡ...'

"ನಾನೂ ಪರೀಕ್ಷೆ ಮಾಡಿಸ್ಕೋತೀನಿ," ಎಂದ ಅವನು.

ಸಿಸ್ಟರ್ ಚೀಟಿ ಕಿತ್ತುಕೊಂಡರು. "ಇದು ಗರ್ಭಕೋಶದ ಬಾಯಿ ಪರೀಕ್ಷೆ ಕಣ್ರೀ. ನಿಮ್ಮತ್ರ ಅದಿದ್ಯಾ?"

ಬೆಂಚಿಗೆ ಬೆಂಚೇ ನಕ್ಕಿತು. ಡಾಕ್ಟರಮ್ಮ ಇಬ್ಬರನ್ನೂ ಒಳಗೆ ಕರೆದರು.

"ಇದು ಕ್ಯಾನ್ಸರ್ ಅಲ್ಲ. ತುಂಬಾ ಜನಕ್ಕೆ ಬರುತ್ತೆ, ಹೆಚ್ಚಿನವರಲ್ಲಿ ತಾನಾಗೇ ಹೋಗುತ್ತೆ. ಕೆಲವರಲ್ಲಿ ವರ್ಷಗಟ್ಟಲೆ ಅಡಗಿ ಕೂತಿರುತ್ತೆ. ಯಾವಾಗ ಬಂತು, ಯಾರಿಂದ ಬಂತು ಅಂತ ನನಗೂ ಹೇಳೋಕಾಗಲ್ಲ. ಹೋಗದೇ ಉಳಿದ್ರೆ ಮುಂದೆ ಕ್ಯಾನ್ಸರ್ ಆಗಬಹುದು, ಅದಕ್ಕೇ ತಪ್ಪದೆ ತೋರಿಸ್ಬೇಕು."

"ಬರದೇ ಇರೋ ಹಾಗೆ ಏನೂ ಇಲ್ವಾ?" ಅವನು ಕೇಳಿದ.

"ಲಸಿಕೆ ಇದೆ. ಒಂಬತ್ತರಿಂದ ಹದಿನಾಲ್ಕು ವರ್ಷದೊಳಗೆ ಹಾಕಿಸಿದ್ರೆ ಒಳ್ಳೇದು."

"ಅಕ್ಕನ ಮಗಳಿಗೆ ಹನ್ನೆರಡು," ಎಂದವನೇ ಅಲ್ಲೇ ಅಕ್ಕನಿಗೆ ಫೋನ್ ಹಚ್ಚಿದ. ಡಾಕ್ಟರಮ್ಮ ಅವನನ್ನು ಫೋನಿನ ಸಮೇತ ಹೊರಗಟ್ಟಿದರು.

ಪರೀಕ್ಷೆ ಮುಗಿಯಿತು. ಸದ್ಯಕ್ಕೆ ಹೆದರುವಂಥದ್ದೇನೂ ಕಾಣಲಿಲ್ಲ, ವರ್ಷ ಬಿಟ್ಟು ಮತ್ತೆ ಬರಬೇಕು. ಹೊರಬಂದವಳ ಕಣ್ಣು ತುಂಬಿತ್ತು.

"ನನ್ನ ಮೇಲೆ ಅನುಮಾನ ಬರ್ಲಿಲ್ವಾ ನಿಮಗೆ?"

"ನಿಮ್ಮ ಮೇಲಲ್ಲ, ನನ್ನ ಮೂತಿ ಮೇಲೆ ಬಂತು. ಇಷ್ಟ ಆಗ್ಲಿಲ್ವೇನೋ ಅಂತ ಎರಡು ದಿನ ಕನ್ನಡಿ ನೋಡಿದೆ. ರಿಪೋರ್ಟ್ ಓದಿದ ಮೇಲೇ ಸಮಾಧಾನ ಆಗಿದ್ದು."

ಅಳುತ್ತಿದ್ದವಳು ಫಕ್ಕನೆ ನಕ್ಕಳು. ಈ ಮನುಷ್ಯನನ್ನು ಕಳೆದುಕೊಳ್ಳಲು ಹೊರಟಿದ್ದೆನಲ್ಲ ಎಂದುಕೊಂಡಳು.

ಸಿಸ್ಟರ್ ಪೆನ್ನು ಹಿಡಿದು ತಲೆಯೆತ್ತಿದರು. "ಜೊತೆಗೆ ಬಂದವರು ಏನಾಗ್ಬೇಕು ನಿಮಗೆ?"

ಅವಳು ಅವನತ್ತ ನೋಡಿದಳು.

"ಗಂಡ," ಎಂದಳು ಮೆಲ್ಲಗೆ. "ಇನ್ನು ಹನ್ನೊಂದು ದಿನಕ್ಕೆ..."

"ಹತ್ತು," ಎಂದ ಅವನು.