ಹೊಸ್ತಿಲು ದಾಟಲು ಬಿಡದ ಕೆಂಪು ದಾರ

"ಬಿಚ್ಚಬೇಡಿ ಅಂದೆನಲ್ಲ ಸುಜಿತ್!"

ಜಲಜಾಕ್ಷಿ ಅಡುಗೆಮನೆಯಿಂದ ಓಡಿಬರುವಷ್ಟರಲ್ಲಿ ಅಳಿಯ ಚಿನ್ನದ ಪೆಟ್ಟಿಗೆಗೆ ಕಟ್ಟಿದ್ದ ಕೆಂಪು ದಾರವನ್ನು ಬಿಚ್ಚಿ ಆಗಿತ್ತು.

ಅಮೆರಿಕದ ಸ್ಕ್ರಿಪ್ಸ್ ರ್ಯಾಂಚಿನ ಆ ಮನೆಗೆ ಅವರು ಬಂದು ಹದಿನೈದೇ ದಿನ. ಸುಜಿತ್ ನಾಲ್ಕೂ ಮೂಲೆಗೆ ಕ್ಯಾಮೆರಾ ಹಾಕಿಸಿದ್ದ. ಬೆಂಕಿಗೆ ಜಗ್ಗದ ತಿಜೋರಿ ತಂದಿದ್ದ. ಬಾಗಿಲ ಪಕ್ಕದಲ್ಲಿ ತುರ್ತು ಚೀಲ: ನೀರು, ಟಾರ್ಚು, ಔಷಧಿ, ಕೈಕೊಡಲಿ. ಒಣಗಾಳಿಗೆ ಕಾಡ್ಗಿಚ್ಚು ಹಬ್ಬೀತೆಂಬ ಎಚ್ಚರಿಕೆ ಬಂದಿದ್ದರಿಂದ ಚಿನ್ನವನ್ನು ತಿಜೋರಿಗೆ ಸೇರಿಸುವ ಅವಸರ ಅವನದು. ಸುಟ್ಟ ಕೂದಲಿನ ವಾಸನೆಯ ಆ ದಾರ ಮಾತ್ರ ಬೇಡವಾಗಿತ್ತು.

ಹುಣಸೆಹಣ್ಣಿನ ಉಂಡೆಯೊಳಗಿಟ್ಟು ಅದರ ಶಕ್ತಿಯನ್ನು ಮಲಗಿಸಿ ಉಡುಪಿಯಿಂದ ತಂದು, ಗೃಹಪ್ರವೇಶದ ದಿನ ಅತ್ತೆಯೇ ಕಟ್ಟಿದ ದಾರ ಅದು.

"ಅದು ಅಜ್ಜ ಮಾಡಿಸಿದ ಕಾವಲು. ಕಟ್ಟಿದ್ದನ್ನು ಹೊಸ್ತಿಲು ದಾಟಲು ಬಿಡುವುದಿಲ್ಲ. ಚಿನ್ನ ಹೊರಗೆ ಒಯ್ಯುವಾಗ ದಾರವನ್ನು ಒನಕೆಗೆ ಕಟ್ಟಿ ಹೋಗುವುದು ನಮ್ಮ ಕ್ರಮ."

"ವಾರಂಟಿ ಎಷ್ಟು ವರ್ಷ ಉಂಟು ಅತ್ತೆ?" ಸುಜಿತ್ ನಕ್ಕ. ಆರು ವರ್ಷದ ಮಗಳನ್ನು ಹತ್ತಿರಕ್ಕೆ ಎಳೆದುಕೊಂಡ. "ಈ ಮನೆಯ ನಿಜವಾದ ಚಿನ್ನ ಇವಳು. ಕಾಯಲಿ, ನೋಡುವ." ಗಗನಾಳ ಮಣಿಕಟ್ಟಿಗೆ ಮೂರು ಗಂಟು ಹಾಕಿಯೇಬಿಟ್ಟ.

ಜಲಜಾಕ್ಷಿಯ ಮುಖ ಬಿಳಿಚಿತು. "ಜೀವಕ್ಕೆ ಕಟ್ಟಿದಿರಲ್ಲ ಮಾರಾಯ್ರೆ! ಇನ್ನು ಬಿಚ್ಚಲಿಕ್ಕೆ ಬರುವುದಿಲ್ಲ. ಕಟ್ಟಿದವರೇ ತಮ್ಮ ಮೈಮೇಲೆ ಕರೆದುಕೊಳ್ಳಬೇಕು, ಅಷ್ಟೇ."

"ಸ್ನಾನ ಮಾಡಿಸುವಾಗ ಕತ್ತರಿಸಿದರಾಯಿತು, ಬಿಡಿ."

ಗಂಟೆ ಕಳೆದಿರಲಿಲ್ಲ. ಮನೆಯ ಫೋನುಗಳೆಲ್ಲ ಒಟ್ಟಿಗೆ ಚೀರಿದವು. ಗುಡ್ಡದಾಚೆ ಬೆಂಕಿ, ಈಗಲೇ ಹೊರಡಿ. ಮಧ್ಯಾಹ್ನದ ಆಕಾಶ ಕಾಡಿಗೆಯಂತೆ ಕಪ್ಪಾಯಿತು. ಬೀದಿಯ ನೀಲಗಿರಿ ಮರಗಳು ಪಟಪಟನೆ ಸಿಡಿದವು. ಎಣ್ಣೆ ಸುಟ್ಟ ಘಾಟು ಗಂಟಲಿಗೆ ಇಳಿಯಿತು. ಹೆಂಡತಿ ಶ್ರದ್ಧಾ, ದಾರ ದಾರ ಎನ್ನುತ್ತಿದ್ದ ಅಮ್ಮನನ್ನು ಎಳೆದು ಕೂರಿಸಿಕೊಂಡು ಕಾರು ಶುರುಮಾಡಿದಳು. ಸುಜಿತ್ ಮಗಳ ಕೈ ಹಿಡಿದು ಹೊಸ್ತಿಲು ದಾಟಿದ.

ಮಗಳು ದಾಟಲಿಲ್ಲ.

"ಅಪ್ಪಾ, ಲೆಟ್ ಗೋ! ಹಿಂದಿಂದ ಎಳೀಬೇಡ!"

ಸುಜಿತ್ ಅವಳ ಮುಂದೆ ನಿಂತಿದ್ದ. ಹಿಂದೆ ಬರಿಯ ಹೊಗೆ.

ಅವನು ಎಳೆದ. ದಾರ ಎಳೆಯ ಚರ್ಮ ಸೀಳಿ ಒಳಗಿಳಿಯಿತು. ರಕ್ತ ಹೊಸ್ತಿಲಿಗೆ ತೊಟ್ಟಿಕ್ಕಿತು. ಇನ್ನೊಮ್ಮೆ ಎಳೆದ. ಮಗುವಿನ ಭುಜ ಲಟಕ್ಕೆಂದಿತು. ಅವಳ ಚೀರಾಟಕ್ಕೆ ಒಳಗಿನ ಕತ್ತಲು ಗುರುಗುಟ್ಟಿತು.

"ಎಳೆಯಬೇಡಿ! ಕೈಯೇ ಕಿತ್ತು ಬರ್ತದೆ!" ಕಾರಿನಿಂದ ಇಳಿದು ಜಲಜಾಕ್ಷಿ ಕೂಗಿದರು. "ಕರೆಯಿರಿ ಅದನ್ನು!"

ಮನೆಯ ಮಾಡಿಗೆ ಬೆಂಕಿ ಹತ್ತಿತು. ಸುಜಿತ್ ಹೊಸ್ತಿಲ ಒಳಗೆ ಮಂಡಿಯೂರಿದ. "ಕಟ್ಟಿದ್ದು ನಾನು. ಅವಳನ್ನು ಬಿಡು. ನನ್ನನ್ನು ಹಿಡಿ."

ದಾರ ಜಿಗಣೆಯಂತೆ ಮಿಸುಕಿತು. ಮಗುವಿನ ಕೈ ಬಿಟ್ಟು ಹರಿದು ಬಂತು. ಅವನ ಎಡಗೈಗೆ ಸುತ್ತಿತು. ಗಗನಾ ಹೊರಗೆ ಬಿದ್ದಳು, ಅಜ್ಜಿ ಬಾಚಿಕೊಂಡರು.

ಸುಜಿತ್ ಎದ್ದ. ಓಡಿದ. ಮೈ ಹೊರಗೆ ಬಂತು. ಕೈ ಬರಲಿಲ್ಲ. ಬೆನ್ನಿನ ಅಂಗಿ ಹೊತ್ತಿತು. ಬಲಗೈ ತುರ್ತು ಚೀಲ ತಡಕಿತು. ಕೊಡಲಿ ಸಿಕ್ಕಿತು.

"ರೀ, ಬೇಡ!" ಶ್ರದ್ಧಾ ಕಿರುಚಿದಳು.

ಒಂದು ಏಟು. ಎಲುಬು ತುಂಡಾಗಲಿಲ್ಲ. ಎರಡು. ಮೂರು.

ಆರನೆಯ ದಿನ ಪೊಲೀಸರು ಬೀದಿ ತೆರೆದರು. ಮನೆಯಿದ್ದಲ್ಲಿ ಬೂದಿ. ಬಾಯಿ ಬಿರಿದ ತಿಜೋರಿಯಲ್ಲಿ ಚಿನ್ನ ಕರಗಿ ಮುದ್ದೆಯಾಗಿತ್ತು. ಹೊಸ್ತಿಲ ಮೇಲೆ ಮಾತ್ರ ಅವನ ಕೈ, ಮಸಿ ಕೂಡ ತಾಗದೆ, ಕೆಂಪು ದಾರ ತೊಟ್ಟು ಮಲಗಿತ್ತು.

ಬಟ್ಟೆ ಸುತ್ತಿದ ಮೋಟುಗೈಯನ್ನು ಎದೆಗೊತ್ತಿಕೊಂಡು ಸುಜಿತ್ ಬಗ್ಗಿ ನೋಡಿದ. ಕಡಿದ ಕೈಯ ಉಗುರು ಬೆಳೆದಿತ್ತು.