ಮುಚ್ಚಬಾರದಿದ್ದ ತೂತು

“ಬೇರೆ ಏನು ಬೇಕಾದ್ರೂ ಮಾಡು, ಆ ತೂತನ್ನ ಮಾತ್ರ ಮುಚ್ಚಬೇಡ ಕಣೋ,” ಎಂದ ರಘೋತ್ತಮ.

ಜಯಸಿಂಹ ನಕ್ಕುಬಿಟ್ಟ. ಶಿಕಾಗೋದ ಮ್ಯೂಸಿಯಮ್ಮೊಂದರ ನೆಲಮಾಳಿಗೆ ಅದು. ಕಿಟಕಿಯಿಲ್ಲದ ಕೋಣೆಯಲ್ಲಿ ಅಸಿಟೋನು, ಹಳೆಯ ಬಟ್ಟೆ, ಹಬೆಪೈಪಿನ ತುಕ್ಕು ಎಲ್ಲ ಕಲೆತ ವಾಸನೆ. ಮೇಜಿನ ಮೇಲೆ ಮಧ್ಯ ಅಮೆರಿಕದ ಪುರಾತನ ಮಾಯಾ ಜನಾಂಗದ ರಾಣಿಯೊಬ್ಬಳ ಗೋರಿಯಿಂದ ಬಂದ ಉಡುಪು ಹರಡಿತ್ತು: ಮುಟ್ಟಿದರೆ ಪುಡಿಯಾಗುವ ಹತ್ತಿಯ ಚಿಂದಿ, ಅದಕ್ಕೆ ಹೊಲಿದಿದ್ದ ಉಗುರಿನಷ್ಟಗಲದ ಚಿಪ್ಪಿನ ಬಿಲ್ಲೆಗಳು, ನಡುವೆ ಅಂಗೈಯಗಲದ ಕೆಂಪು ಚಿಪ್ಪಿನ ಎದೆಪದಕ. ಆ ಪದಕದ ನಟ್ಟನಡುವೆಯೇ ತೂತು.

“ತಾನಾಗಿ ಒಡೆದದ್ದಲ್ಲ ಅದು. ಬೇಕೂಂತಲೇ ಹೊಡೆದಿದಾರೆ. ನಮ್ಮಲ್ಲಿ ಸುಡುಗಾಡಲ್ಲಿ ಮಡಕೆಗೆ ತೂತು ಮಾಡಲ್ವಾ, ಹಾಗೆ. ವಸ್ತೂನೂ ಸಾಯಿಸಿಯೇ ಹೂಳ್ತಿದ್ರು.” ರಘೋತ್ತಮ ದನಿ ತಗ್ಗಿಸಿದ. “ಗೋರಿ ಅಗೆಯೋವಾಗ ಅಲ್ಲಿನ ಕೂಲಿಯವರು ಹೇಳಿದ್ರಂತೆ. ಮುಚ್ಚಿದ್ರೆ ತೂತು ಹೋಗಲ್ಲ, ಜಾಗ ಬದಲಾಯಿಸತ್ತೆ. ಮುಚ್ಚಿದವನ ಹೊಟ್ಟೆ ಯಾರನ್ನ ಕಂಡು ಉರಿಯತ್ತೋ, ಅವರ ಎದೆಗೆ ಹೋಗಿ ಸೇರತ್ತೆ.”

“ಹಾಗಾದ್ರೆ ಊರಿಗೆ ಊರೇ ಕ್ಷೇಮ ಬಿಡು. ನನಗೆ ಯಾರನ್ನ ಕಂಡು ಉರಿ?”

ಹಸೀ ಸುಳ್ಳು. ಉರಿ ಎದುರಿಗೇ ನಿಂತಿತ್ತು, ಬಿಳಿ ಕೋಟು ಹಾಕಿಕೊಂಡು. ಜಯಸಿಂಹ ಡೆಟ್ರಾಯಿಟ್ಟಿನ ಕಾರು ಕಾರ್ಖಾನೆಯ ಪೇಂಟ್ ಲ್ಯಾಬಿನಲ್ಲಿ ಎಂಟು ವರ್ಷ ದುಡಿದವನು. ಎಪ್ಪತ್ತನಾಲ್ಕರಲ್ಲಿ ಪೆಟ್ರೋಲು ತುಟ್ಟಿಯಾಗಿ ಕಾರು ಕೊಳ್ಳುವವರಿಲ್ಲದೆ ಕೆಲಸ ಹೋಯಿತು. ಮೈಸೂರಿನ ಹಾಸ್ಟೆಲಿನಲ್ಲಿ ಒಂದೇ ಕೋಣೆಯಲ್ಲಿದ್ದ ರಘೋತ್ತಮನೇ ಕರೆಸಿಕೊಂಡ, ಹಳೆಯ ವಸ್ತುಗಳನ್ನು ಸರಿಪಡಿಸುವ ಈ ತಾತ್ಕಾಲಿಕ ಕೆಲಸ ಕೊಡಿಸಿದ, ಹತ್ತಿರದ ಲೊಂಬಾರ್ಡ್‌ನಲ್ಲಿ ಮನೆಯನ್ನೂ ಹುಡುಕಿಕೊಟ್ಟ. ಹಂಗಿನ ಅನ್ನ ಗಂಟಲಲ್ಲಿ ಇಳಿಯುವುದು ಕಷ್ಟ. ಇಳಿದದ್ದೂ ಕಿಚ್ಚಾಗಿಯೇ ಇಳಿಯಿತು. ಮೇಲಾಗಿ ಜಯಸಿಂಹನ ಹೆಂಡತಿ ಸರಳಾ, ತಾಯಿ ಕೊಟ್ಟಿದ್ದ ದಂತದ ಕುಂಕುಮಭರಣಿ ಬಿರುಕುಬಿಟ್ಟಾಗ, ಗಂಡನನ್ನು ಒಂದು ಮಾತೂ ಕೇಳದೆ ರಘೋತ್ತಮನ ಕೈಗೆ ಕೊಟ್ಟಿದ್ದಳು. “ರಘು ಅವರ ಕೈಗುಣವೇ ಬೇರೆ, ಅಲ್ವೇನ್ರೀ?” ಎಂದಿದ್ದಳು. ಆ ದಿನ ಅವನಿಗೆ ಊಟ ಸೇರಲಿಲ್ಲ.

ತೂತು ಬಿಡು ಎನ್ನುತ್ತಾನಲ್ಲ, ನನ್ನ ಕೈಚಳಕ ಎಲ್ಲರಿಗೂ ಕಂಡುಬಿಡುತ್ತದೆ ಎಂಬ ದಿಗಿಲು ಅವನಿಗೆ, ಎಂದುಕೊಂಡ ಜಯಸಿಂಹ.

ಹಿಮ ಸುರಿಯುತ್ತಿದ್ದ ಒಂದು ಮಧ್ಯಾಹ್ನ ರಘೋತ್ತಮ ಪ್ರದರ್ಶನದ ಮೀಟಿಂಗಿಗೆಂದು ಮೇಲಕ್ಕೆ ಹೋದ. ಜಯಸಿಂಹ ಬಾಗಿಲು ಹಾಕಿಕೊಂಡ. ಚಿಪ್ಪಿನ ಪುಡಿಯನ್ನು ರಾಳದಲ್ಲಿ ಕಲಸಿ ತುಂಬಿದ. ಒಣಗಿದ ಮೇಲೆ ಉಜ್ಜಿದ. ಗುದ್ದಿಸಿಕೊಂಡ ಕಾರುಗಳ ಬಾಗಿಲಿಗೆ ಹಳೆಯ ಬಣ್ಣವನ್ನೇ ಹೊಂದಿಸಿ ಹೊಂದಿಸಿ ಪಳಗಿದ ಕಣ್ಣು ಅದು. ಕೆಂಪಿನ ಮೇಲೆ ಮುತ್ತಿನ ಹೊಳಪು, ಅದರ ಮೇಲೆ ಮತ್ತೆ ತೆಳು ಕೆಂಪು. ಕೊನೆಯ ಪದರ ಬಿದ್ದಾಗ ಎಲ್ಲಿತ್ತು ತೂತು ಎಂದು ಅವನಿಗೇ ಹುಡುಕಲಾಗಲಿಲ್ಲ. ಹೆಮ್ಮೆಯಿಂದ ಮೈ ಜುಮ್ಮೆಂದಿತು.

ಆಮೇಲೆ ಹಬೆಪೈಪಿನ ಸದ್ದು ನಿಂತಿತು. ದೀಪ ಮಂಕಾಯಿತು. ಕೊಳೆತ ಕಡಲಿನ ವಾಸನೆ ಮೇಜಿನಿಂದ ಎದ್ದಿತು. ಒಣಗಿದ ಚಿಂದಿ ಒದ್ದೆಯಾಗುತ್ತಿತ್ತು. ಬಿಲ್ಲೆಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ಯಾರೋ ಉಸಿರೆಳೆದುಕೊಂಡರು. ಉದ್ದದ ಉಸಿರು, ಬಹಳ ಕಾಲದಿಂದ ಬಾಕಿಯಿದ್ದಂಥದ್ದು. ಆ ಗಳಿಗೆಯಲ್ಲಿ ಅವನ ಮನಸ್ಸಿಗೆ ಬಂದದ್ದು ಒಂದೇ ಮುಖ.

ಫೋನು ಹೊಡೆದುಕೊಂಡಿತು. ರಘೋತ್ತಮ ಮೀಟಿಂಗಿನ ನಡುವೆ ಎದೆ ಹಿಡಿದುಕೊಂಡು ಕುಸಿದಿದ್ದ. ಜಯಸಿಂಹ ಮೆಟ್ಟಿಲು ಹತ್ತಿ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯದಲ್ಲಿ ತೂತು, ಹುಟ್ಟಿನಿಂದಲೇ ಇದ್ದಿರಬೇಕು, ಇಷ್ಟು ದಿನ ಹೇಗೆ ಬದುಕಿದ್ದರೋ, ಎಂದರು ದೇಹ ಕೊಯ್ದು ನೋಡಿದ ಡಾಕ್ಟರು.

ಆಗಲೇ ಆ ತೇಪೆಯನ್ನು ಒಡೆದುಬಿಡಬಹುದಿತ್ತು. ಒಡೆಯಲಿಲ್ಲ. ಕಾಕತಾಳೀಯ ಎಂದು ತನಗೆ ತಾನೇ ಹೇಳಿಕೊಂಡ. ನಿಜ ಹೇಳಬೇಕೆಂದರೆ, ಅಷ್ಟು ಚೆಂದದ ಕೆಲಸ ಅವನ ಕೈಯಿಂದ ಇನ್ನೊಂದು ಆಗಿರಲಿಲ್ಲ. ರಘೋತ್ತಮನ ದೇಹವನ್ನು ಸುಟ್ಟರು. ಅವನ ಕುರ್ಚಿ ಜಯಸಿಂಹನಿಗೆ ಬಂತು.

ಪ್ರದರ್ಶನ ತೆರೆದ ದಿನ ಡೈರೆಕ್ಟರು ಗಾಜಿನ ಪೆಟ್ಟಿಗೆಯ ಮುಂದೆ ನಿಂತು, ಇದು ನಮ್ಮ ರಘೋತ್ತಮನ ಕೊನೆಯ ಕೆಲಸ, ಎಂದರು. ಎಲ್ಲರೂ ತಲೆ ಬಾಗಿಸಿದರು. ಜಯಸಿಂಹನೂ ಬಾಗಿಸಿದ. ನನ್ನದು ಎಂದರೆ, ಅವನನ್ನು ಕೊಂದದ್ದೂ ನಾನೇ ಎಂದಂತೆ.

ಜನ ಕರಗಿದ ಮೇಲೂ ಸರಳಾ ಗಾಜಿನ ಮುಂದೆಯೇ ನಿಂತಿದ್ದಳು. ಅವಳ ಕಣ್ಣು ತುಂಬಿತ್ತು.

“ನೋಡಿ, ಎಲ್ಲಿ ಒಡೆದಿತ್ತು ಅಂತಾನೇ ಗೊತ್ತಾಗಲ್ಲ. ಇಂಥ ಕೈ ಇನ್ನೊಂದು ಹುಟ್ಟಲ್ಲ, ರೀ.”

ಹೊಟ್ಟೆಯೊಳಗೆ ಬೆಂಕಿ ಭಗ್ಗೆಂದಿತು. ಸತ್ತವನ ಮೇಲಷ್ಟೇ ಅಲ್ಲ, ಅವನಿಗಾಗಿ ಅಳುತ್ತಿರುವ ಇವಳ ಮೇಲೂ. ನನ್ನ ಕೆಲಸಕ್ಕೆ ಕಣ್ಣೀರಿಡುತ್ತ ಅವನ ಹೆಸರು ಹೇಳುತ್ತಾಳೆ.

ಗಾಜಿನೊಳಗೆ ಬಿಲ್ಲೆಗಳು ಕಿಣಿಗುಟ್ಟಿದವು. ಕಡಲಿನ ಕೊಳೆತ ವಾಸನೆ. ಸರಳಾ ಎದೆಗೆ ಕೈಯಿಟ್ಟುಕೊಂಡಳು.

“ರೀ... ಉಸಿರು...”

ರಘೋತ್ತಮನ ಎದೆ ಬೂದಿಯಾಗಿತ್ತು. ತೂತಿಗೆ ಬೇರೆ ಜಾಗ ಬೇಕಿತ್ತು. ಇಲ್ಲ, ಉರಿಯಿಲ್ಲ, ನನಗೇನೂ ಉರಿಯಿಲ್ಲ ಎಂದು ಮನಸ್ಸಿನೊಳಗೇ ಗೋಗರೆದ. ಉರಿ ಮಾತು ಕೇಳಲಿಲ್ಲ. ಅವಳ ತುಟಿ ನೀಲಿಗಟ್ಟಿತು. ನೆಲಕ್ಕೆ ಕುಸಿದಳು. ಉಸಿರಿಲ್ಲ. ಅವನು ಮುಷ್ಟಿ ಬಿಗಿದ. ಗಾಜಿಗೆ ಹೊಡೆದ. ಮತ್ತೆ ಹೊಡೆದ. ಗಾಜು ಸಿಡಿಯಿತು. ಕೈ ಸೀಳಿತು. ಪದಕ ಬಿಸಿಯಾಗಿತ್ತು, ಮಿಡಿಯುತ್ತಿತ್ತು. ಕಬ್ಬಿಣದ ಚೌಕಟ್ಟಿಗೆ ಅದನ್ನು ಅಪ್ಪಳಿಸಿದ. ಒಮ್ಮೆ. ಇನ್ನೊಮ್ಮೆ. ತೇಪೆ ಚೂರಾಗಿ ಉದುರಿತು.

ಸರಳಾ ಜೋರಾಗಿ ಉಸಿರೆಳೆದುಕೊಂಡಳು. ಅಷ್ಟರಲ್ಲಿ ಕಾವಲಿನವರು ಓಡಿಬಂದು ಅವನನ್ನು ನೆಲಕ್ಕೆ ಕೆಡವಿದರು.

ಕೋರ್ಟಿಗೆ ಎಳೆಯಲಿಲ್ಲ, ಕೆಲಸದಿಂದ ತೆಗೆದರು. ಬಲಗೈಯ ಮೂರು ಬೆರಳು ಮತ್ತೆ ಮಡಚಲೇ ಇಲ್ಲ. ಶಿಕಾಗೋದ ಕನ್ನಡದವರ ಮನೆಗಳಲ್ಲಿ ಅವನ ಹೆಸರೆತ್ತಿದರೆ ಮಾತು ನಿಲ್ಲುತ್ತಿತ್ತು. ಸರಳಾ ಡೆಟ್ರಾಯಿಟ್ಟಿನಲ್ಲಿದ್ದ ಅಣ್ಣ ಶೇಷಗಿರಿಯ ಮನೆಗೆ ಹೊರಟಳು.

ಬಸ್ಸು ಹೊರಡುವ ಮೊದಲು, ಮೆಟ್ಟಿಲ ಮೇಲೆ ಕಾಲಿಟ್ಟವಳು ತಿರುಗಿ ಕೇಳಿದಳು. “ಇದೊಂದು ಹೇಳಿಬಿಡಿ. ಯಾಕೆ ಒಡೆದ್ರಿ ಅದನ್ನ?”

ಎಲ್ಲವನ್ನೂ ಹೇಳಬಹುದಿತ್ತು. ಹೇಳಿದರೆ ರಘೋತ್ತಮ ಹೇಗೆ ಸತ್ತನೆಂಬುದನ್ನೂ ಹೇಳಬೇಕಿತ್ತು. ಅವಳ ಎದೆ ಕೋಟಿನೊಳಗೆ ಏರಿ ಇಳಿಯುವುದನ್ನು ನೋಡುತ್ತ ನಿಂತ.

“ಹೊಟ್ಟೆಕಿಚ್ಚಿಗೆ,” ಎಂದ.

“ಗೊತ್ತಿತ್ತು,” ಎಂದಳು ಸರಳಾ, ಮತ್ತು ಬಸ್ಸು ಹತ್ತಿದಳು.